ಪೇಟೆ ಅಂದ್ರೆ ಎಲ್ಲಿಗೆ? ಮಂಗಳೂರಿನ ನಡುವನ್ನು ನಾನು ಹುಡುಕಿದ್ದು

ನನ್ನ ಅತ್ತೆಯ ಮನೆ ಕಾಟಿಪಳ್ಳದಲ್ಲಿ. ಮನೆ ತೆರಿಗೆ ಕಟ್ಟುವುದು ಮಂಗಳೂರು ಮಹಾನಗರ ಪಾಲಿಕೆಗೆ, ಓಟು ಹಾಕುವುದೂ ಪಾಲಿಕೆಯ ವಾರ್ಡಿನಲ್ಲೇ. ಆದರೆ ಮದುವೆ ಸೀರೆ ತೆಗೆಯಲು ಅಂಗಡಿ ಸಾಲಿನ ಹಂಪನಕಟ್ಟೆಗೆ ಹೊರಟರೆ ಅವರು ಫೋನಿನಲ್ಲಿ ಹೇಳುವುದು, "ನಾನು ಮಂಗ್ಳೂರಿಗೆ ಹೋಗಿ ಬರ್ತೇನೆ." ಮಂಗಳೂರಿನಲ್ಲೇ ಇದ್ದುಕೊಂಡು ಮಂಗಳೂರಿಗೆ ಹೋಗುವುದು ಹೇಗೆ ಅಂತ ನಾನು ಕೀಟಲೆ ಮಾಡುತ್ತಿದ್ದೆ. ಒಂದೂವರೆ ವರ್ಷ ಲೆಕ್ಕ ಹಾಕಿದ ಮೇಲೆ ಆ ಕೀಟಲೆ ನಿಲ್ಲಿಸಿದೆ.

ನನ್ನದು ನಕ್ಷೆ ಕೆಲಸ. ಬಿಜೈಯ ಒಂದು ಸಣ್ಣ ಆಫೀಸಿನಲ್ಲಿ ಜಾಗದ ಗಡಿ, ರಸ್ತೆ, ಚರಂಡಿ ಇವನ್ನೆಲ್ಲ ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ. ಊರಿನ ನಡು ಎಲ್ಲಿದೆ ಎಂಬ ಪ್ರಶ್ನೆ ನನಗೆ ತಾನಾಗಿ ಹುಟ್ಟಿದ್ದಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಗೆಳೆಯನದ್ದೊಂದು ಜೆರಾಕ್ಸ್ ಅಂಗಡಿ ಇದೆ. ಅದರ ಹತ್ತಿರವೇ ಇದ್ದ ಡಿಸಿ ಆಫೀಸು ಊರಿನ ಪೂರ್ವದ ಅಂಚಿನ ಪಡೀಲಿಗೆ ಹೋಗುವುದು ಖಾತ್ರಿಯಾದಾಗ ಅವನ ನಿದ್ದೆ ಹಾರಿತು. "ನಾನು ಪಡೀಲಿಗೆ ಹೋಗ್ಲಾ, ದೇರಳಕಟ್ಟೆಗೆ ಹೋಗ್ಲಾ, ಇಲ್ಲೇ ಕೂತ್ಕೊಳ್ಲಾ? ನೀನು ಮ್ಯಾಪಿನವ ಅಲ್ವಾ, ಹೇಳು ಮಾರಾಯ" ಅಂದ. ನಾನು ಒಂದು ವಾರ ಟೈಮ್ ಕೇಳಿದೆ. ಒಂದು ವಾರ!

ಮೊದಲು ಓದಿಕೊಂಡೆ. ಈ ವಿಷಯದಲ್ಲಿ ಎರಡು ಹಳೆಯ ಚಿತ್ರಗಳಿವೆ. ಒಂದು, ಕಾಲಿನ್ ಕ್ಲಾರ್ಕ್ ಎಂಬ ಅರ್ಥಶಾಸ್ತ್ರಜ್ಞ 1951ರಲ್ಲಿ ಹೇಳಿದ್ದು. ಊರಿನ ನಡುವಿನಿಂದ ಹೊರಗೆ ಹೋದ ಹಾಗೆ ಜನಸಾಂದ್ರತೆ ಪ್ರತಿ ಕಿಲೋಮೀಟರಿಗೆ ಒಂದೇ ಪಾಲಿನಷ್ಟು ಇಳಿಯುತ್ತದೆ. ಐದನೇ ಒಂದು ಪಾಲು ಇಳಿಯುತ್ತದೆ ಅಂತಿಟ್ಟುಕೊಳ್ಳಿ. ನಡುವಿನಲ್ಲಿ 100 ಇದ್ದರೆ ಮುಂದೆ 80, ಆಮೇಲೆ 64, ಆಮೇಲೆ 51. ಇದು ಒಂದೇ ನಡುವಿರುವ ಊರಿನ ಚಿತ್ರ. ಇನ್ನೊಂದು ಅದಕ್ಕೂ ಹಳೆಯದು. ಹ್ಯಾರಿಸ್ ಮತ್ತು ಉಲ್‌ಮನ್ ಎಂಬ ಇಬ್ಬರು ಭೂಗೋಳದವರು 1945ರಲ್ಲಿ ಬರೆದದ್ದು. ದೊಡ್ಡ ಊರು ಒಂದೇ ಬೀಜದಿಂದ ಬೆಳೆಯುವುದಿಲ್ಲ. ಬಂದರು ಒಂದು ಬೀಜ, ಕಾರ್ಖಾನೆ ಒಂದು, ಕಾಲೇಜು ಒಂದು. ಒಂದೊಂದರ ಸುತ್ತ ಒಂದೊಂದು ಪೇಟೆ ಏಳುತ್ತದೆ.

ಮಂಗಳೂರಿನವನಿಗೆ ಎರಡೂ ಸರಿ ಅನಿಸುತ್ತದೆ. ಹಂಪನಕಟ್ಟೆ ಕಣ್ಮುಂದೆ ಇದೆ. ಅದೇ ಹೊತ್ತಿಗೆ 1960ರಲ್ಲಿ ಸುರತ್ಕಲ್‌ಗೆ ಇಂಜಿನಿಯರಿಂಗ್ ಕಾಲೇಜು ಬಂತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆಯಿತು. 1980ರಲ್ಲಿ ಕೊಣಾಜೆಯಲ್ಲಿ ವಿಶ್ವವಿದ್ಯಾಲಯ ಆಯಿತು. ಈ ಬೀಜಗಳನ್ನೆಲ್ಲ ಯಾರೋ ಬೇಕೆಂದೇ ದೂರ ದೂರ ಎಸೆದ ಹಾಗಿದೆ. ಅತ್ತೆಯ ಕಾಟಿಪಳ್ಳ ಬೆಳೆದದ್ದೂ ಬಂದರಿನಿಂದಲೇ. ಬಂದರಿಗೆ ಜಾಗ ಬಿಟ್ಟ ಪಣಂಬೂರಿನ ಜನರಿಗೆ ಕಾಟಿಪಳ್ಳ, ಕೃಷ್ಣಾಪುರದ ಕಡೆ ನಿವೇಶನ ಕೊಟ್ಟರು.

ನನ್ನ ಮೊದಲ ಉಪಾಯ ಬಸ್ಸು. ನಮ್ಮ ಊರಿನಲ್ಲಿ ಬಸ್ಸಿಗಿಂತ ಒಳ್ಳೆ ಸಾಕ್ಷಿ ಯಾವುದಿದೆ? ಎರಡು ಭಾನುವಾರ ಕೂತು ಸಿಟಿ ಬಸ್ಸುಗಳ ರೂಟುಗಳನ್ನು ನಕ್ಷೆಯ ಮೇಲೆ ಗೆರೆ ಹಾಕಿದೆ. ಎಲ್ಲ ಗೆರೆಗಳೂ ಸ್ಟೇಟ್‌ಬ್ಯಾಂಕಿಗೆ ಹೋಗಿ ಗಂಟು ಬಿದ್ದವು. ಉಳ್ಳಾಲ, ಕಾವೂರು, ಸುರತ್ಕಲ್, ವಾಮಂಜೂರು, ಎಲ್ಲಿಂದ ಹೊರಟರೂ ಬೋರ್ಡಿನಲ್ಲಿ ಸ್ಟೇಟ್‌ಬ್ಯಾಂಕ್. ಚಕ್ರದ ಕಡ್ಡಿಗಳ ಹಾಗೆ ಚಂದದ ಚಿತ್ರ ಬಂತು. ಊರಿಗೆ ಒಂದೇ ನಡು, ಲೆಕ್ಕ ಮುಗಿಯಿತು ಅಂತ ಖುಷಿಯಾಗಿ ಗೆಳೆಯನಿಗೆ ಕಳಿಸಿದೆ.

ಅವನು ನೋಡಿ ನಕ್ಕ. "ಬಸ್ಸು ಇಲ್ಲಿಗೆ ಬರುವುದು ಇಲ್ಲಿ ನಿಲ್ಲಲಿಕ್ಕೆ ಜಾಗ ಉಂಟು ಅಂತ. ಜನ ಎಲ್ಲ ಮೊದಲೇ ಇಳಿದು ಹೋಗಿರ್ತಾರೆ. ಸ್ಟೇಟ್‌ಬ್ಯಾಂಕಿಗೆ ಬರುವಾಗ ಬಸ್ಸಿನಲ್ಲಿ ಎಷ್ಟು ಜನ ಇರ್ತಾರೆ ಅಂತ ಒಮ್ಮೆ ನೋಡು." ನೋಡಿದೆ. ಜ್ಯೋತಿಯಲ್ಲಿ ಒಂದಷ್ಟು ಜನ ಇಳಿದರು, ಹಂಪನಕಟ್ಟೆಯಲ್ಲಿ ಮುಕ್ಕಾಲು ಪಾಲು. ಸ್ಟೇಟ್‌ಬ್ಯಾಂಕಿಗೆ ಮುಟ್ಟುವಾಗ ಆ ಬಸ್ಸಿನಲ್ಲಿ ನಾನು, ಕಂಡಕ್ಟರು, ಮೀನಿನ ಬುಟ್ಟಿ ಹಿಡಿದ ಒಬ್ಬ ಹೆಂಗಸು. ಬಸ್ಸಿನ ಕೊನೆ ಸ್ಟಾಪೇ ಬೇರೆ, ಊರಿನ ನಡುವೇ ಬೇರೆ. ಇಷ್ಟು ಸರಳ ವಿಷಯವನ್ನು ಜೆರಾಕ್ಸಿನವನಿಂದ ಕಲಿತೆ.

ಆಮೇಲೆ ಕ್ಲಾರ್ಕ್ ದಾರಿ ಹಿಡಿದೆ. ಪಾಲಿಕೆಯಲ್ಲಿ 60 ವಾರ್ಡುಗಳಿವೆ. ಜನಸಂಖ್ಯೆಗೆ ಆಗ ನನ್ನ ಕೈಯಲ್ಲಿದ್ದ ಕೊನೆಯ ಗಣತಿ 2011ರದ್ದು. ಹಂಪನಕಟ್ಟೆಯಲ್ಲಿ ಕೈವಾರದ ಮೊನೆ ಊರಿ ಒಂದು ಕಿಲೋಮೀಟರು, ಎರಡು, ಮೂರು ಅಂತ ಉಂಗುರ ಎಳೆದೆ. ಪ್ರತಿ ಉಂಗುರದ ಜನರನ್ನು ಉಂಗುರದ ವಿಸ್ತೀರ್ಣದಿಂದ ಭಾಗಿಸಿದೆ. ಮೂರನೇ ಉಂಗುರದಿಂದ ಸಾಂದ್ರತೆ ಧಡಕ್ಕನೆ ಕುಸಿಯಿತು. ಇದೇನಪ್ಪ ಅಂತ ನಕ್ಷೆ ನೋಡಿದರೆ ಉಂಗುರದ ಒಂದು ಪಾಲು ಸಮುದ್ರದಲ್ಲಿತ್ತು. ಅರಬ್ಬಿ ಸಮುದ್ರದ ಮೀನುಗಳನ್ನೂ ಸೇರಿಸಿ ಸರಾಸರಿ ತೆಗೆದಿದ್ದೆ! ಬಯಲುಸೀಮೆಯ ಊರಿಗೆ ಬರೆದ ಲೆಕ್ಕವನ್ನು ಕರಾವಳಿಗೆ ಹಾಕುವಾಗ ಮೊದಲು ನೀರನ್ನು ಕತ್ತರಿಸಿ ತೆಗೆಯಬೇಕು. ಸಮುದ್ರ ಮಾತ್ರ ಅಲ್ಲ, ನೇತ್ರಾವತಿ, ಫಲ್ಗುಣಿ ಎರಡನ್ನೂ.

ನೀರು ತೆಗೆದ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ನಟ್ಟನಡುವಿನ ಉಂಗುರದಲ್ಲಿ ಜನ ಕಡಿಮೆ, ಅದರ ಹೊರಗಿನದ್ದರಲ್ಲಿ ಜಾಸ್ತಿ. ಹಂಪನಕಟ್ಟೆಯಲ್ಲಿ ರಾತ್ರಿ ಮಲಗುವವರು ಎಷ್ಟು ಮಂದಿ? ಅಂಗಡಿ, ಬ್ಯಾಂಕು, ಲಾಡ್ಜು, ಅಷ್ಟೇ. ಜನಗಣತಿ ಎಣಿಸುವುದು ಮಲಗುವ ತಲೆಗಳನ್ನು. ಕ್ಲಾರ್ಕ್ ಕೂಡ ವ್ಯಾಪಾರದ ನಡುಭಾಗವನ್ನು ಲೆಕ್ಕದಿಂದ ಬಿಟ್ಟೇ ಗೆರೆ ಎಳೆದದ್ದು ಅಂತ ಆಮೇಲೆ ಓದಿದೆ. ಮೊದಲೇ ಸರಿಯಾಗಿ ಓದಬೇಕಿತ್ತು. ಪೇಟೆ ಎಲ್ಲಿದೆ ಅಂತ ತಿಳಿಯಲು ಮನೆಗಳನ್ನು ಎಣಿಸಿದರೆ ಆಗುವುದಿಲ್ಲ, ಕೆಲಸಗಳನ್ನು ಎಣಿಸಬೇಕು.

ಕೆಲಸದ ಲೆಕ್ಕ ಸುಲಭವಾಗಿ ಸಿಗುವುದಿಲ್ಲ. ಆರ್ಥಿಕ ಗಣತಿ ಅಂತ ಒಂದಿದೆ, ಆರನೆಯದ್ದು 2013ರಲ್ಲಿ ಶುರುವಾಯಿತು. ಅದರಲ್ಲಿ ಅಂಗಡಿ, ಕಾರ್ಖಾನೆ, ಅಲ್ಲಿ ದುಡಿಯುವವರು ಎಲ್ಲ ಇದ್ದಾರೆ. ಆದರೆ ಅದನ್ನು ನನ್ನ ನಕ್ಷೆಯ ತುಂಡುಗಳಿಗೆ ಹೊಂದಿಸಲು ಹೋಗಿ ಸಾಕಾಯಿತು. ಅಡ್ಡದಾರಿ ಹುಡುಕಿದೆ. ರಾತ್ರಿ ಬೆಳಕಿನ ಚಿತ್ರಗಳು.

ಇದು ನಿಜಕ್ಕೂ ಚಂದದ ಸಾಧನ. 2011ರಲ್ಲಿ ಹಾರಿಸಿದ ಸುಓಮಿ ಎನ್‌ಪಿಪಿ ಎಂಬ ಉಪಗ್ರಹದಲ್ಲಿ ವಿಐಐಆರ್‌ಎಸ್ ಎಂಬ ಕ್ಯಾಮೆರಾ ಇದೆ. ಅದು ಅಳೆದ ನೆಲದ ಬೆಳಕು ಸುಮಾರು ಅರ್ಧ ಕಿಲೋಮೀಟರಿನ ಚೌಕಗಳಲ್ಲಿ ಸಿಗುತ್ತದೆ. ಡೇಟಾ ಪುಕ್ಕಟೆ. ಇಳಿಸಿಕೊಂಡೆ, ಬಣ್ಣ ಹಾಕಿದೆ, ನೋಡಿದೆ. ಮಂಗಳೂರಿನಲ್ಲಿ ಎದ್ದು ಹೊಳೆಯುತ್ತಿದ್ದದ್ದು ಹಂಪನಕಟ್ಟೆ ಅಲ್ಲ. ಬಂದರು, ಅದರ ಆಚೆ ತೈಲ ಶುದ್ಧೀಕರಣ ಕಾರ್ಖಾನೆ. ಬಂದರಿಗೆ ರಾತ್ರಿ ಅನ್ನುವುದೇ ಇಲ್ಲ, ಕಾರ್ಖಾನೆಯ ಬೆಂಕಿ ಆರುವುದಿಲ್ಲ. ಉಪಗ್ರಹ ನಮ್ಮ ತಲೆ ಮೇಲೆ ಹಾದುಹೋಗುವುದು ರಾತ್ರಿ ಒಂದೂವರೆ ಗಂಟೆಯ ಹೊತ್ತಿಗೆ. ಆಗ ಹಂಪನಕಟ್ಟೆಯಲ್ಲಿ ಎಚ್ಚರ ಇರುವುದು ನಾಯಿಗಳು ಮತ್ತು ಎಟಿಎಂ. ಯಕ್ಷಗಾನ ಇದ್ದ ದಿನ ಊರಿನ ನಡು ಆಟದ ಗದ್ದೆಗೆ ಹೋಗಬಹುದೇನೋ!

ಕೊನೆಗೆ ಕಾಲನ್ನೇ ನಂಬಿದೆ. ಊರಿನ ಮೇಲೆ ಒಂದು ಕಿಲೋಮೀಟರಿನ ಚೌಕಗಳನ್ನು ಹಾಕಿದೆ. ಪುಕ್ಕಟೆ ಸಿಗುವ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ಅಂಗಡಿ, ಬ್ಯಾಂಕು, ಆಸ್ಪತ್ರೆ, ಹೋಟೆಲುಗಳ ಚುಕ್ಕಿ ತೆಗೆದೆ. ಅದನ್ನು ಹಾಗೇ ನಂಬುವಂತಿಲ್ಲ. ಯಾವ ಬೀದಿಯಲ್ಲಿ ಉತ್ಸಾಹದ ಹುಡುಗರಿದ್ದಾರೋ ಆ ಬೀದಿಯ ಗೂಡಂಗಡಿಯೂ ನಕ್ಷೆಯಲ್ಲಿರುತ್ತದೆ, ಇಲ್ಲದ ಕಡೆ ನಾಲ್ಕು ಮಹಡಿಯ ಕಟ್ಟಡವೂ ಇರುವುದಿಲ್ಲ. ಹಾಗಾಗಿ ಪ್ರತಿ ವಾರ ಮೂರ್ನಾಲ್ಕು ಚೌಕಗಳಿಗೆ ಸ್ಕೂಟರಿನಲ್ಲಿ ಹೋಗಿ ಬೋರ್ಡು ಎಣಿಸಿ ತಿದ್ದುತ್ತಿದ್ದೆ. ಸಣ್ಣ ಅಂಗಡಿಗೆ ಇಬ್ಬರು, ಬ್ಯಾಂಕಿಗೆ ಹತ್ತು, ಹೋಟೆಲಿಗೆ ಟೇಬಲ್ ನೋಡಿ. ಒರಟು ಲೆಕ್ಕ ಅಂತ ಗೊತ್ತು. ಆದರೆ ಎಲ್ಲ ಕಡೆ ಒಂದೇ ರೀತಿ ಒರಟಾಗಿದ್ದರೆ ಹೋಲಿಸಲು ಅಡ್ಡಿಯಿಲ್ಲ.

ಈಗ ಪ್ರಶ್ನೆ, ಎಷ್ಟು ಕೆಲಸ ಇದ್ದರೆ ಒಂದು ಚೌಕವನ್ನು ನಡು ಅನ್ನಬೇಕು? 1991ರಲ್ಲಿ ಜೂಲಿಯಾನೊ ಮತ್ತು ಸ್ಮಾಲ್ ಎಂಬ ಇಬ್ಬರು ಲಾಸ್ ಏಂಜಲೀಸ್‌ಗೆ ಒಂದು ಮಿತಿ ಹಾಕಿದರು. ಎಕರೆಗೆ ಕನಿಷ್ಠ 10 ಕೆಲಸ ಇರಬೇಕು, ಅಂಥ ಅಕ್ಕಪಕ್ಕದ ಜಾಗಗಳು ಕೂಡಿ ಕನಿಷ್ಠ 10,000 ಕೆಲಸ ಆಗಬೇಕು. 1980ರ ಅಂಕಿ ಹಿಡಿದು ಅವರಿಗೆ ಅಲ್ಲಿ 32 ನಡುಗಳು ಸಿಕ್ಕವು. ನಮ್ಮ ಕಡೆಯ ಲೆಕ್ಕಕ್ಕೆ ತಂದರೆ ಎಕರೆಗೆ ಹತ್ತು ಅಂದರೆ ಹತ್ತು ಸೆಂಟ್ಸಿಗೆ ಒಬ್ಬ. ಮಂಗಳೂರಿನಲ್ಲಿ ಹತ್ತು ಸೆಂಟ್ಸಿನಲ್ಲಿ ಒಂದು ಮನೆ, ಮುಂದೆ ಎರಡು ಅಂಗಡಿ, ಮೇಲೆ ಟ್ಯೂಷನ್ ಕ್ಲಾಸು ಇರುತ್ತದೆ. ಈ ಮಿತಿ ಹಾಕಿದ ಕೂಡಲೇ ಜೆಪ್ಪುವಿನಿಂದ ಕೊಟ್ಟಾರದವರೆಗೆ ಎಲ್ಲ ಅಂಟಿಕೊಂಡು ಒಂದೇ ದೊಡ್ಡ ಮುದ್ದೆಯಾಯಿತು. ಮಿತಿ ಏರಿಸಿದೆ. ಆಗ ಸುರತ್ಕಲ್ ಕಾಣೆಯಾಯಿತು. ಇನ್ನೊಂಚೂರು ಇಳಿಸಿದೆ, ಸುರತ್ಕಲ್ ಬಂತು, ಜೊತೆಗೆ ಬೇಡದ್ದೆಲ್ಲ ಬಂತು. ಮಿತಿಯ ಗುಂಡಿ ನನ್ನ ಕೈಯಲ್ಲಿದ್ದರೆ ಉತ್ತರವೂ ನನ್ನ ಕೈಯಲ್ಲೇ ಇದ್ದ ಹಾಗೆ. ಇದು ಅಳತೆ ಅಲ್ಲ.

ಚೌಕದ ಅಳತೆಯೂ ಇದೇ ಆಟ ಆಡಿತು. ಎರಡು ಕಿಲೋಮೀಟರಿನ ಚೌಕ ಹಾಕಿದರೆ ಹಂಪನಕಟ್ಟೆ, ಬಲ್ಮಠ, ಫಳ್ನೀರು ಎಲ್ಲ ಒಂದೇ ಚೌಕದೊಳಗೆ. ಅರ್ಧ ಕಿಲೋಮೀಟರು ಹಾಕಿದರೆ ಒಂದೊಂದು ದೊಡ್ಡ ಆಸ್ಪತ್ರೆಯ ಕಾಂಪೌಂಡೂ ಒಂದೊಂದು ನಡು. ಲಿಫ್ಟಿನಲ್ಲಿ ಸಿಕ್ಕ ಒಬ್ಬ ಸಹೋದ್ಯೋಗಿಗೆ ಈ ಗೋಳು ಹೇಳಿದರೆ, "ಕೆ.ಎಸ್. ರಾವ್ ರೋಡಿನಲ್ಲಿ ಸಿಟಿ ಸೆಂಟರ್ ಅಂತ ಮಾಲ್ ಉಂಟಲ್ಲ, ಅದೇ ಸಿಟಿಯ ಸೆಂಟರ್" ಅಂದು ಇಳಿದು ಹೋದರು.

ದಾರಿ ತೋರಿದ್ದು ಡೇನಿಯಲ್ ಮ್ಯಾಕ್‌ಮಿಲನ್ ಎಂಬವರ 2001ರ ಕೆಲಸ. ಅವರ ಉಪಾಯ ನಮ್ಮ ಗುಡ್ಡ ಬೈಲಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಕದ್ರಿ ಗುಡ್ಡ ಎತ್ತರ ಅಂತ ನಮಗೆ ಅನಿಸುವುದು ಸಮುದ್ರ ಮಟ್ಟದಿಂದ ಅಳೆದಲ್ಲ, ಪಕ್ಕದ ತಗ್ಗಿನಲ್ಲಿ ನಿಂತು ನೋಡುವುದರಿಂದ. ಹಾಗೇ, ಇಡೀ ಊರಿಗೆ ಒಂದೇ ಮಿತಿ ಹಾಕಬಾರದು. ಅಕ್ಕಪಕ್ಕದ ಚೌಕಗಳನ್ನು ಸೇರಿಸಿ ಒಂದು ನುಣುಪಾದ ಹೊದಿಕೆ ಹೊದಿಸಬೇಕು. ಈ ಜಾಗದಲ್ಲಿ ಸಾಮಾನ್ಯವಾಗಿ ಇಷ್ಟು ಕೆಲಸ ಇರಬೇಕು ಅಂತ ಆ ಹೊದಿಕೆ ಹೇಳುತ್ತದೆ. ಯಾವ ಚೌಕ ಅದನ್ನು ಹರಿದು ಮೇಲೆ ಎದ್ದಿದೆಯೋ ಅದು ನಡುವಾಗಲು ಅರ್ಜಿ ಹಾಕಿದ ಹಾಗೆ. ಹೀಗೆ ಮಾಡಿದಾಗ ಸುರತ್ಕಲ್ ತಾನಾಗಿ ಎದ್ದು ನಿಂತಿತು. ಕಂಕನಾಡಿ, ಲಾಲ್‌ಬಾಗ್ ಹಂಪನಕಟ್ಟೆಯ ಇಳಿಜಾರಿನಲ್ಲೇ ಕರಗಿದವು.

ದೇರಳಕಟ್ಟೆ ಮಾತ್ರ ಎಲ್ಲೂ ಕಾಣಲಿಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಮೂರು ಮೆಡಿಕಲ್ ಕಾಲೇಜುಗಳಿರುವ ಜಾಗ, ಅದು ಹೇಗೆ ಬರುವುದಿಲ್ಲ? ಕಾರಣ ನಾಚಿಕೆಗೇಡಿನದ್ದು. ನಾನು ನಕ್ಷೆಯನ್ನು ಪಾಲಿಕೆಯ ಗಡಿಗೆ ಕತ್ತರಿಸಿದ್ದೆ. ದೇರಳಕಟ್ಟೆ, ತೊಕ್ಕೊಟ್ಟು, ಉಳ್ಳಾಲ ಎಲ್ಲ ನೇತ್ರಾವತಿಯ ಆಚೆ, ಪಾಲಿಕೆಯ ಹೊರಗೆ. ದಿನಾ ಗಡಿ ಎಳೆಯುವ ಕೆಲಸ ಮಾಡುವವನೇ ಗಡಿ ಹಾಕುವಾಗ ಎಡವಿದೆ. ಊರು ಪಾಲಿಕೆಯ ಗಡಿಗೆ ನಿಲ್ಲುವುದಿಲ್ಲ. ಉತ್ತರಕ್ಕೆ ಮುಕ್ಕ, ದಕ್ಷಿಣಕ್ಕೆ ತಲಪಾಡಿ, ಪೂರ್ವಕ್ಕೆ ಅಡ್ಯಾರ್‌ವರೆಗೆ ಹಿಗ್ಗಿಸಿದೆ. ಬಿ.ಸಿ. ರೋಡನ್ನು ಬಿಟ್ಟೆ. ಅಲ್ಲಿಯವರು ತಮ್ಮನ್ನು ಬಂಟ್ವಾಳದವರು ಅಂತ ಹೇಳಿಕೊಳ್ಳುತ್ತಾರೆ, ಅವರನ್ನು ಯಾಕೆ ಒತ್ತಾಯದಿಂದ ಎಳೆಯುವುದು?

ಇನ್ನು ಒಂದಾ ಹಲವಾ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವುದು. ಬ್ರೆಜಿಲ್‌ನ ಸಂಶೋಧಕರು 2013ರಲ್ಲಿ ಒಂದು ಸೂಚ್ಯಂಕ ಕೊಟ್ಟರು. ಅದರಲ್ಲಿ ಎರಡು ತುಂಡುಗಳಿವೆ. ಮೊದಲನೆಯದ್ದು, ಕೆಲಸ ಎಷ್ಟು ಕಡೆ ಹಂಚಿಹೋಗಿದೆ ಎಂಬುದು. ಸುಮ್ನೆ ನಾಲ್ಕು ಚೌಕದ ಊರು ಅಂದುಕೊಳ್ಳಿ. ಎಲ್ಲ ಸಮ ಇದ್ದರೆ ಒಂದೊಂದರಲ್ಲಿ ನೂರಕ್ಕೆ 25. ನಿಜಕ್ಕೆ 70, 10, 10, 10 ಇದೆ ಅನ್ನಿ. 25ರಿಂದ ಎಷ್ಟೆಷ್ಟು ಆಚೀಚೆ ಇದೆಯೋ ಕೂಡಿಸಿ. 45, 15, 15, 15, ಒಟ್ಟು 90. ಅದರ ಅರ್ಧ 45, ಅಂದರೆ 0.45. ಇನ್ನೊಂದು ಊರಿನಲ್ಲಿ 35, 35, 15, 15 ಇದ್ದರೆ ಅದೇ ಲೆಕ್ಕ 0.20 ಕೊಡುತ್ತದೆ. ಅಂಕಿ ಇಳಿದರೆ ಕೆಲಸ ಹರಡಿದೆ ಅಂತ ಅರ್ಥ.

ಆದರೆ ಆ ಎರಡು 35ಗಳು ಎಲ್ಲಿವೆ? ಹಂಪನಕಟ್ಟೆ ಮತ್ತು ಕಂಕನಾಡಿಯ ಹಾಗೆ ಮಗ್ಗುಲಲ್ಲಿ ಇರಬಹುದು. ಹಂಪನಕಟ್ಟೆ ಮತ್ತು ಸುರತ್ಕಲ್ ಹಾಗೆ ಸುಮಾರು 15 ಕಿಲೋಮೀಟರು ದೂರದಲ್ಲೂ ಇರಬಹುದು. 0.20 ಎರಡಕ್ಕೂ ಒಂದೇ. ಅದಕ್ಕೇ ಎರಡನೇ ತುಂಡು, ದೂರದ್ದು. ಊರಿನ ಕೆಲಸಗಾರರಲ್ಲಿ ಇಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ ಅವರ ನಡುವೆ ಸರಾಸರಿ ಎಷ್ಟು ದೂರ? ಎರಡೇ ಪೇಟೆ, ತಲಾ ಅರ್ಧ ಕೆಲಸ ಅನ್ನಿ. ಅರ್ಧ ಸಲ ಇಬ್ಬರೂ ಒಂದೇ ಪೇಟೆಯವರು, ದೂರ ಸೊನ್ನೆ. ಇನ್ನರ್ಧ ಸಲ ಬೇರೆ ಬೇರೆ. ಹಾಗಾಗಿ ಪೇಟೆಗಳು ಒಂದು ಕಿಲೋಮೀಟರು ದೂರ ಇದ್ದರೆ ಸರಾಸರಿ ಅರ್ಧ ಕಿಲೋಮೀಟರು, 15 ಇದ್ದರೆ ಏಳೂವರೆ. ಈ ದೂರ ಜಾಸ್ತಿಯಾದಷ್ಟೂ ಎರಡನೇ ತುಂಡಿನ ಅಂಕಿ ಇಳಿಯುತ್ತದೆ. ಎರಡನ್ನೂ ಗುಣಿಸಿದರೆ ಸೂಚ್ಯಂಕ. ಒಂದರ ಹತ್ತಿರ ಹೋದರೆ ಒಂದೇ ನಡು, ಸೊನ್ನೆಯ ಹತ್ತಿರ ಬಂದರೆ ಚದುರಿದ ಊರು.

ಇಲ್ಲೂ ಹೊಳೆ ಬಂದು ಕಾಲಿಗೆ ತೊಡರಿತು. ದೂರ ಅಂದರೆ ಯಾವ ದೂರ? ಪೇಟೆ ಪಕ್ಕದ ಹಳೆ ಬಂದರಿನ ದಕ್ಕೆಯಲ್ಲಿ ನಿಂತರೆ ಆಚೆ ದಡದ ಬೆಂಗರೆ ಕಣ್ಣಿಗೆ ಕಾಣುತ್ತದೆ. ಅಲ್ಲಿ ಒಣಗಲು ಹಾಕಿದ ಬಲೆಯೂ ಕಾಣುತ್ತದೆ. ಫೆರಿಯಲ್ಲಿ ಕೆಲವೇ ನಿಮಿಷ. ಅದೇ ಸ್ಕೂಟರಿನಲ್ಲಿ ಹೋಗಬೇಕಾದರೆ ಕೂಳೂರು ಸೇತುವೆ ದಾಟಿ, ತಣ್ಣೀರುಬಾವಿ ಹಿಡಿದು ಹತ್ತು ಕಿಲೋಮೀಟರಿಗೂ ಜಾಸ್ತಿ ಸುತ್ತಬೇಕು. ಕಂಪ್ಯೂಟರು ಹಕ್ಕಿಯ ಹಾಗೆ ನೇರ ದೂರ ಹಿಡಿದಿತ್ತು. ಅದರ ಪ್ರಕಾರ ಬೆಂಗರೆಯವರು ಪೇಟೆಯ ಮಧ್ಯದಲ್ಲೇ ಇದ್ದಾರೆ. ನಾನು ರಸ್ತೆ ದೂರಕ್ಕೆ ಬದಲಿಸಿದೆ, ಫೆರಿಯನ್ನೂ ರಸ್ತೆ ಅಂತಲೇ ಸೇರಿಸಿದೆ. ಬದಲಿಸಿದ್ದೇ ತಡ, ಊರು ಮೂರು ತುಂಡಾಗಿ ಕಂಡಿತು. ಫಲ್ಗುಣಿಯ ಉತ್ತರಕ್ಕೆ ಒಂದು, ಎರಡು ಹೊಳೆಗಳ ನಡುವೆ ಒಂದು, ನೇತ್ರಾವತಿಯ ದಕ್ಷಿಣಕ್ಕೆ ಒಂದು. ಹೊಳೆಗಳು ಕೂಡುವ ಜಾಗ ಅಂತಲೇ ತುಳುವಿನಲ್ಲಿ ಊರಿಗೆ ಕುಡ್ಲ ಅನ್ನುತ್ತಾರೆ ಅಂತ ಹಿರಿಯರು ಹೇಳುತ್ತಾರೆ. ಪೇಟೆಗಳ ಲೆಕ್ಕದಲ್ಲಿ ಮಾತ್ರ ಹೊಳೆಗಳು ಮಾಡಿದ್ದು ಬೇರೆ ಮಾಡುವ ಕೆಲಸ.

ಇಷ್ಟಾದರೂ ನನಗೆ ಸಮಾಧಾನ ಆಗಲಿಲ್ಲ. ಕೆಲಸಗಳ ಗುಡ್ಡ ಎದ್ದಿದೆ ಅಂದ ಮಾತ್ರಕ್ಕೆ ಅದು ಪೇಟೆಯಾಗುತ್ತದಾ? ಬೈಕಂಪಾಡಿಯಲ್ಲಿ ಕಾರ್ಖಾನೆಗಳು ಸಾಲಾಗಿವೆ. ಹೊದಿಕೆ ಹರಿದು ಎದ್ದಿದೆ. ಆದರೆ "ಬೈಕಂಪಾಡಿಗೆ ಹೋಗಿ ಒಂದು ಸುತ್ತು ಹಾಕಿ ಬರೋಣ" ಅಂದವರನ್ನು ನಾನು ಕಂಡಿಲ್ಲ. ಈ ಶಾಸ್ತ್ರದವರು ಇಲ್ಲಿ ಎರಡು ಮಾತು ಬಳಸುತ್ತಾರೆ. ಒಂದು ಆಕಾರದ ನಡು, ಇನ್ನೊಂದು ಓಡಾಟದ ನಡು. ನಾನು ಇಷ್ಟು ದಿನ ಅಳೆದದ್ದು ಆಕಾರ. ಓಡಾಟ ಅಳೆಯಲು ಮೊಬೈಲ್ ಕಂಪನಿಗಳ ಡೇಟಾ, ಬಸ್ ಕಾರ್ಡಿನ ಡೇಟಾ ಬೇಕು. ಲಂಡನ್ನಿನಲ್ಲಿ ಆಯಿಸ್ಟರ್ ಕಾರ್ಡು ಹಿಡಿದು 2011ರಲ್ಲಿ ಇದನ್ನೇ ಮಾಡಿದ್ದರು. ನಮ್ಮಲ್ಲಿ ಹೆಚ್ಚಿನವರಿಗೆ ಕಂಡಕ್ಟರು ಹರಿದು ಕೊಡುವ ಚೀಟಿಯೇ.

ಬಂದರಿನ ಅಂಗಡಿಯಲ್ಲಿ ಬೆರಳಿಗೆ ಹಾಕುವ ಎಣಿಕೆ ಯಂತ್ರ ಎರಡು ತಂದೆ. ಜಪ ಮಾಡುವವರು ಹಾಕಿಕೊಳ್ಳುತ್ತಾರಲ್ಲ, ಗುಂಡಿ ಒತ್ತಿದರೆ ಒಂದು ಏರುವುದು, ಅದೇ. ಬೆಳಿಗ್ಗೆ ಎಂಟಕ್ಕೆ ಸುರತ್ಕಲ್ ಜಂಕ್ಷನ್ನಿನಲ್ಲಿ ನಿಂತೆ. ಉತ್ತರದಿಂದ, ಮೂಲ್ಕಿ, ಹಳೆಯಂಗಡಿ ಕಡೆಯಿಂದ ಬಂದ ಬಸ್ಸಿನಿಂದ ಇಳಿದವರಿಗೆ ಎಡಗೈ. ದಕ್ಷಿಣದಿಂದ ಬಂದವರಿಗೆ ಬಲಗೈ. ನನ್ನ ಯೋಚನೆ ಇಷ್ಟು. ಸುರತ್ಕಲ್ ಬರೀ ಹಂಪನಕಟ್ಟೆಯ ಬಾಲವಾಗಿದ್ದರೆ ಉತ್ತರದವರು ಇಲ್ಲಿ ಇಳಿಯದೆ ಮುಂದೆ ಹೋಗಬೇಕು. ಇಳಿದು, ಬೇರೆ ಬಸ್ಸು ಹತ್ತದೆ, ಇಲ್ಲೇ ಉಳಿದರೆ ಇದಕ್ಕೆ ತನ್ನದೇ ಸೆಳೆತ ಇದೆ.

ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ಒಬ್ಬ ಕಂಡಕ್ಟರ್ ಬಂದು, "ನೀವು ಆರ್‌ಟಿಒದವರಾ?" ಅಂದ. ಅಲ್ಲ ಅಂದೆ. "ಮತ್ತೆ ಎಂತ ಒತ್ತುವುದು?" ಬೆರಳು ತೋರಿಸಿದೆ. ಅವನಿಗೆ ನಂಬಿಕೆ ಬರಲಿಲ್ಲ. ಮುಂದಿನ ಬಸ್ಸಿನವನಿಗೂ ಹೇಳಿರಬೇಕು, ಆಮೇಲೆ ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮಳೆ. ಕೊಡೆ ಹಿಡಿಯಲು ಒಂದು ಕೈ ಬೇಕಲ್ಲ, ಎರಡೂ ಯಂತ್ರ ಒಂದೇ ಕೈಗೆ ಬಂತು, ಉತ್ತರ ದಕ್ಷಿಣ ಕಲಸಿಹೋಯಿತು. ಮಳೆಗಾಲ ಮುಗಿಯುವವರೆಗೆ ಆ ಕೆಲಸ ಬಿಟ್ಟೆ.

ಆ ಬಿಡುವಿನಲ್ಲೇ ಅತ್ತೆಯ ಮಾತು ತಲೆಗೆ ಬಂದದ್ದು. ಎಣಿಸುವ ಬದಲು ಕೇಳಿದರೆ? ಒಂದೇ ಪ್ರಶ್ನೆ. "ಪೇಟೆಗೆ ಅಂದ್ರೆ ನಿಮಗೆ ಎಲ್ಲಿಗೆ?" ಹೋದಲ್ಲಿ ಬಂದಲ್ಲಿ, ಹೋಟೆಲಿನಲ್ಲಿ, ಸೆಲೂನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳತೊಡಗಿದೆ. ಒಂದು ಇನ್ನೂರು ಜನರನ್ನು ಕೇಳಿರಬಹುದು. ಮನೆ ಎಲ್ಲಿ, ಪೇಟೆ ಎಲ್ಲಿ, ಎರಡೇ ಕಾಲಂ.

ಕಂಕನಾಡಿಯವರು, ಉರ್ವದವರು, ಕಾವೂರಿನವರು ಪೇಟೆ ಅಂದರೆ ಹಂಪನಕಟ್ಟೆ ಅಂದರು, ಯೋಚನೆ ಕೂಡ ಮಾಡಲಿಲ್ಲ. ಕೃಷ್ಣಾಪುರ, ಕಾಟಿಪಳ್ಳ, ಕಾನದ ಕಡೆಯವರಿಗೆ ಪೇಟೆ ಸುರತ್ಕಲ್. ಹಂಪನಕಟ್ಟೆಗೆ ಹೋಗುವುದಾದರೆ ಅವರ ಮಾತು ಬದಲಾಗುತ್ತದೆ, "ಕುಡ್ಲಗ್ ಪೋದು ಬರ್ಪೆ," ಮಂಗ್ಳೂರಿಗೆ ಹೋಗಿ ಬರ್ತೇನೆ ಅಂತ. ಎಲ್ಲಿ ಬದಲಾಗುತ್ತದೆ ಅಂತ ಹೆದ್ದಾರಿಯುದ್ದಕ್ಕೂ ಕೇಳುತ್ತ ಹೋದೆ. ಕೊಟ್ಟಾರ ಚೌಕಿಯಲ್ಲಿ ಪೇಟೆ. ಕೂಳೂರಿನಲ್ಲಿ ಅರ್ಧ ಜನ ಪೇಟೆ, ಅರ್ಧ ಜನ ಮಂಗ್ಳೂರು. ಸೇತುವೆ ದಾಟಿದ ಮೇಲೆ ಎಲ್ಲರದ್ದೂ ಮಂಗ್ಳೂರು. ಫಲ್ಗುಣಿಯ ಮೇಲೆ, ನನ್ನ ರಸ್ತೆ ದೂರದ ಲೆಕ್ಕ ಊರನ್ನು ಕತ್ತರಿಸಿದ ಜಾಗದಲ್ಲೇ, ಜನರ ಬಾಯಲ್ಲೂ ಊರು ಕತ್ತರಿಸಿತ್ತು. ಅದನ್ನು ನೋಡಿದ ದಿನ ರಾತ್ರಿ ಹೆಂಡತಿಗೆ ಎಬ್ಬಿಸಿ ಹೇಳಿದೆ. "ಇದು ಅಮ್ಮನಿಗೆ ಮೊದಲೇ ಗೊತ್ತಿತ್ತಲ್ಲ" ಅಂತ ಹೇಳಿ ಮಗ್ಗುಲು ಬದಲಿಸಿದಳು.

ದಕ್ಷಿಣದ ಕಡೆ ಇಷ್ಟು ಚೊಕ್ಕ ಬರಲಿಲ್ಲ. ಉಳ್ಳಾಲದವರಿಗೆ ಸಾಮಾನು ತರುವ ಪೇಟೆ ತೊಕ್ಕೊಟ್ಟು, ಬಟ್ಟೆಗೆ ಮಂಗ್ಳೂರು. ದೇರಳಕಟ್ಟೆಯನ್ನು ಪೇಟೆ ಅಂದವರು ಕಡಿಮೆ. ಅದು ಅವರಿಗೆ ಆಸ್ಪತ್ರೆಯ ಜಾಗ, ಕಾಲೇಜಿನ ಜಾಗ. ನನ್ನ ಕೆಲಸಗಳ ನಕ್ಷೆಯಲ್ಲಿ ಮಾತ್ರ ದೇರಳಕಟ್ಟೆಯ ಗುಡ್ಡ ದೊಡ್ಡದು, ತೊಕ್ಕೊಟ್ಟಿನದ್ದು ಸಣ್ಣದು. ಮಳೆ ನಿಂತ ಮೇಲೆ ಅಲ್ಲಿಗೂ ಬೆರಳ ಯಂತ್ರ ಹಿಡಿದು ಹೋದೆ. ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ತಲಪಾಡಿ ಕಡೆಯಿಂದ ಬಂದ ಒಂದು ಬಸ್ಸಿನಿಂದ ಇಳಿದವರು ಹನ್ನೊಂದು ಜನ. ಕೈಯಲ್ಲಿ ಎಕ್ಸ್‌ರೇ ಕವರು ಹಿಡಿದವರು ನಾಲ್ಕು, ಬಿಳಿ ಕೋಟು ಮಡಚಿ ಹಿಡಿದ ಹುಡುಗಿಯರು ಮೂವರು. ಅವರೆಲ್ಲ ದಾಟಿ ದೇರಳಕಟ್ಟೆಯ ಬಸ್ಸು ಹತ್ತಿದರು. ಒಬ್ಬರು ಮಂಜೇಶ್ವರದಿಂದ ಬಂದವರು, ಮಲಯಾಳ ಬೆರೆಸಿ ಮಾತಾಡಿದರು. "ಹಂಪನಕಟ್ಟೆಗೆ ಕಡೇ ಸಲ ಯಾವಾಗ ಹೋದದ್ದು?" ಅಂದೆ. ಅವರಿಗೆ ನೆನಪಿರಲಿಲ್ಲ. ನೇತ್ರಾವತಿ ದಾಟದೆಯೇ ಅವರ ಮಂಗಳೂರು ಮುಗಿಯುತ್ತಿತ್ತು.

ಹಾಗಾಗಿ ನನ್ನ ಲೆಕ್ಕದಲ್ಲಿ ಮಂಗಳೂರಿಗೆ ಒಂದು ದೊಡ್ಡ ನಡು, ಉತ್ತರಕ್ಕೆ ಪೂರ್ತಿ ಬೆಳೆದ ಇನ್ನೊಂದು, ದಕ್ಷಿಣಕ್ಕೆ ಎರಡು ಕಡೆ ಹಂಚಿಹೋದ ಮೂರನೆಯದ್ದು. ಕೆಲಸ ದೇರಳಕಟ್ಟೆಯಲ್ಲಿ, ಪೇಟೆ ತೊಕ್ಕೊಟ್ಟಿನಲ್ಲಿ. ಬೈಕಂಪಾಡಿಯನ್ನು ಹೊಡೆದು ಹಾಕಿದೆ. ಶಾಸ್ತ್ರದವರು ಒಪ್ಪುತ್ತಾರೋ ಇಲ್ಲವೋ, ಸಂಜೆ ಏಳಕ್ಕೆ ಯಾರೂ ಹೋಗದ ಜಾಗವನ್ನು ನಾನು ಊರಿನ ನಡು ಅನ್ನಲಾರೆ.

ಇದನ್ನೆಲ್ಲ ಪ್ರಿಂಟ್ ತೆಗೆದು ಗೆಳೆಯನಿಗೆ ಕೊಟ್ಟೆ. ಅವನ ಅಂಗಡಿಯಲ್ಲೇ ತೆಗೆದದ್ದು, ಹಣ ತಗೊಂಡ. ನಕ್ಷೆ ತಿರುಗಿಸಿ ತಿರುಗಿಸಿ ನೋಡಿ, "ಪಡೀಲು ಇದರಲ್ಲಿ ಎಲ್ಲಿ?" ಅಂತ ಕೇಳಿದ. ಪಡೀಲು ಇರಲಿಲ್ಲ. ಹೊದಿಕೆ ಅಲ್ಲಿ ಚಪ್ಪಟೆಯಾಗಿತ್ತು. "ಮತ್ತೆ ಈಗ?" ಅಂದ. 2025ರಲ್ಲಿ ಡಿಸಿ ಆಫೀಸು ಅಲ್ಲಿಗೆ ಹೋಯಿತು. ನನ್ನ ಚೌಕಗಳು ಅದಕ್ಕೂ ಮೊದಲು ಎಣಿಸಿದವು.

ಈಗ ತಿಂಗಳಿಗೊಮ್ಮೆ ಪಡೀಲಿಗೆ ಹೋಗುತ್ತೇನೆ. ಅದೇ ಒಂದು ಕಿಲೋಮೀಟರಿನ ಚೌಕ. ಬೋರ್ಡುಗಳನ್ನು ಎಣಿಸುತ್ತೇನೆ. ಜೆರಾಕ್ಸ್, ನೋಟರಿ, ಅರ್ಜಿ ಬರೆದುಕೊಡುವವರು, ಚಾ ಹೋಟೆಲು. ಗೆಳೆಯ ಸ್ಟೇಟ್‌ಬ್ಯಾಂಕಿನ ಅಂಗಡಿ ಬಿಟ್ಟಿಲ್ಲ, ಒಂದು ಹಳೆ ಮಿಷನ್ನನ್ನು ಮಾತ್ರ ಅವನ ತಮ್ಮ ಪಡೀಲಿನಲ್ಲಿ ಇಟ್ಟು ಕೂತಿದ್ದಾನೆ. ಮೊನ್ನೆ ಹೋದಾಗ ಅಲ್ಲಿ ಅರ್ಜಿ ಹಿಡಿದು ನಿಂತ ಅಜ್ಜಿಯೊಬ್ಬರನ್ನು ಕೇಳಿದೆ, "ಓಡೆ ಪೋಪಿನಿ ಅಜ್ಜೀ?" ಎಲ್ಲಿಗೆ ಹೋಗುವುದು ಅಂತ. ಸಹಿ ಆಗಿಲ್ಲ, ನಾಳೆ ಬರಲು ಹೇಳಿದ್ದಾರೆ ಅಂದರು. ಈಗ ಎಲ್ಲಿಗೆ ಅಂದೆ. "ಪೇಂಟೆಗ್" ಅಂದು ಹಂಪನಕಟ್ಟೆಯ ಬಸ್ಸಿಗೆ ಕೈ ಅಡ್ಡ ಹಿಡಿದರು.